‘ನಾವು’ ಎಂದಾಗ ಯಾರು ಯಾರು?

ಉತ್ತರಪತ್ರಿಕೆಗಳನ್ನು ತಿದ್ದುವ ಕಾಯಕದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದ ನನಗೆ ಒಂದು ಕಾಲಕ್ಕೆ ಕೆಂಪು ಶಾಯಿಯ ಮೇಲೆ ಅಪಾರವಾದ ನಂಬಿಕೆ ಇತ್ತು. ಮಕ್ತಲ್ ಕಡೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾನು ಹೊಸದಾಗಿ ಅಧ್ಯಾಪಕನಾಗಿದ್ದ ದಿನಗಳ ಮಾತು. ಏಳನೆಯ ತರಗತಿಯ ಹುಡುಗನೊಬ್ಬ ಪ್ರಬಂಧದಲ್ಲಿ ‘ಹಬ್ಬಕ್ಕೆ ನಮ್ಮ ಅಕ್ಕ ಊರಿಂದ ಬಂತು’ ಎಂದು ಬರೆದಿದ್ದ. ನಾನು ಆ ವಾಕ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ‘ನಿಮ್ಮಕ್ಕ ಏನು ಬಸ್ಸೇನಪ್ಪಾ, ಬಂತು ಅನ್ನಲಿಕ್ಕೆ?’ ಎಂದೆ. ಇಡೀ ತರಗತಿ ನಕ್ಕಿತು. ಹುಡುಗ ತಲೆ ತಗ್ಗಿಸಿ ಕುಳಿತ. ಮುಂದಿನ ವರ್ಷ ಅವನು ತೆಲುಗು ಮಾಧ್ಯಮಕ್ಕೆ ಹೋದ. ಹೋಗಲು ಬೇರೆ ಕಾರಣಗಳೂ ಇದ್ದಿರಬಹುದು; ಆದರೆ ಅಂದಿನ ನಗೆಯೂ ಅವುಗಳಲ್ಲೊಂದು ಎಂದು ನನ್ನ ಮನಸ್ಸು ಇಂದಿಗೂ ಹೇಳುತ್ತದೆ.

ಆ ಹುಡುಗನ ಮನೆಮಾತು ತೆಲುಗು. ತೆಲುಗಿನಲ್ಲಿ ‘ಅಕ್ಕ ವಚ್ಚಿಂದಿ’, ‘ಬಸ್ಸು ವಚ್ಚಿಂದಿ’. ಏಕವಚನದಲ್ಲಿ ಸ್ತ್ರೀಲಿಂಗಕ್ಕೂ ನಪುಂಸಕಲಿಂಗಕ್ಕೂ ಕ್ರಿಯಾಪದ ಒಂದೇ. ಅದೇ ಬಹುವಚನಕ್ಕೆ ಬಂದರೆ ಹೆಂಗಸರು ಗಂಡಸರ ಸಾಲಿಗೆ ಸೇರುತ್ತಾರೆ, ಇಬ್ಬರಿಗೂ ‘ವಚ್ಚಾರು’. ಅದೊಂದು ಕ್ರಮಬದ್ಧವಾದ ವ್ಯಾಕರಣ. ಹುಡುಗ ತನ್ನ ಅಕ್ಕನಿಗೆ ಅಗೌರವ ತೋರಿಸಿರಲಿಲ್ಲ. ಒಂದು ಭಾಷೆಯ ನಿಯಮವನ್ನು ಮತ್ತೊಂದು ಭಾಷೆಯಲ್ಲಿ ನಿಷ್ಠೆಯಿಂದ ಪಾಲಿಸಿದ್ದ, ಅಷ್ಟೆ. ಈ ಗಡಿಯಲ್ಲೇ ಹುಟ್ಟಿ ಬೆಳೆದ ನನಗೆ ತೆಲುಗು ಬಾರದೆ ಇರಲಿಲ್ಲ. ಸಂತೆಯಲ್ಲಿ ದಿನವೂ ‘ವಚ್ಚಿಂದಿ’ ಎನ್ನುತ್ತಿದ್ದೆ. ಆದರೂ ಎರಡನ್ನೂ ಹೊಂದಿಸಿ ನೋಡಬೇಕೆಂದು ನನಗೆ ತೋಚಲಿಲ್ಲ. ಭಾಷೆಯನ್ನು ಬಲ್ಲುದು ಬೇರೆ, ಅದಕ್ಕೆ ಕಿವಿಗೊಡುವುದು ಬೇರೆ.

ಈ ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ ಕನ್ನಡದ ಹಿರಿಮೆಯನ್ನು ಕುರಿತು ಬರೆಯೋಣವೆಂದು ಕುಳಿತೆ. ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಎಳೆದ ಎಲ್ಲೆಯನ್ನು ನೆನೆಯದೆ ನಮ್ಮ ಭಾಗದ ಸಭೆ ಆರಂಭವಾಗುವುದಿಲ್ಲ; ಗದ್ವಾಲ ಸೀರೆಯ ಹತ್ತಿಯ ಒಡಲು, ರೇಷ್ಮೆಯ ಅಂಚುಗಳ ಉಪಮೆ ಬಾರದೆ ಭಾಷಣ ಮುಗಿಯುವುದಿಲ್ಲ. ನಾನೂ ಆ ಉಪಮೆಯನ್ನು ಹತ್ತಾರು ಬಾರಿ ಬಳಸಿದವನೇ. ಆದರೆ ಈ ಬಾರಿ ಲೇಖನಿ ಆ ಕಡೆ ಸಾಗಲೊಲ್ಲದು. ಬಹುಕಾಲದಿಂದ ಕಾಡುತ್ತಿರುವ ಒಂದು ಪ್ರಶ್ನೆಯನ್ನೇ ನಿಮ್ಮ ಮುಂದಿಡುತ್ತೇನೆ: ತನ್ನದಲ್ಲದ, ತನಗೆ ಯಾವ ಪ್ರಯೋಜನವೂ ಕಾಣದ ಒಂದು ಸಣ್ಣ ಭಾಷೆಯ ಧ್ವನಿಗಳಿಗೆ, ವ್ಯಾಕರಣಕ್ಕೆ ಕಿವಿಗೊಡುವ ಹೊಣೆ ಮನುಷ್ಯನಿಗೆ ಇದೆಯೆ? ಇದ್ದರೆ, ಅದು ಯಾತರಿಂದ ಹುಟ್ಟುತ್ತದೆ?

ನಮಗೆ ಈ ಪ್ರಶ್ನೆ ದೂರದ್ದಲ್ಲ. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಾದಾಗ ಆ ಜಿಲ್ಲೆಗಳು ಮೈಸೂರಿಗೆ ಹೋದವು, ಈ ತಾಲೂಕುಗಳು ಆಂಧ್ರಕ್ಕೆ ಬಂದವು. ಮುಂದೆ 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜೋಗುಲಾಂಬ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಮನೆ ಇದ್ದಲ್ಲೇ ಇತ್ತು, ವಿಳಾಸ ಬದಲಾಗುತ್ತಾ ಬಂತು. ಅಲ್ಪಸಂಖ್ಯಾತ ಭಾಷಿಕರೆನಿಸಿದ ನಾವು ಅಂದಿನಿಂದಲೂ ಸಂವಿಧಾನದ 350ಎ ಅನುಚ್ಛೇದವನ್ನು ಹಿಡಿದು ಅರ್ಜಿಗಳನ್ನು ಬರೆಯುತ್ತಲೇ ಇದ್ದೇವೆ. 1956ರಲ್ಲೇ, ಏಳನೆಯ ತಿದ್ದುಪಡಿಯ ಮೂಲಕ ಸೇರಿದ ವಿಧಿ ಅದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ರಾಜ್ಯವು ಸೌಕರ್ಯ ಒದಗಿಸಬೇಕೆನ್ನುತ್ತದೆ. ಅಧ್ಯಾಪಕರ ನೇಮಕಕ್ಕಾಗಿ, ಪಠ್ಯಪುಸ್ತಕಗಳಿಗಾಗಿ ನಾನೇ ಎಷ್ಟೋ ಮನವಿಗಳ ಕರಡು ಬರೆದಿದ್ದೇನೆ. ಆ ಅನುಚ್ಛೇದ ಕನ್ನಡದ ಹೆಸರನ್ನು ಹೇಳುವುದಿಲ್ಲ, ಎಂಟನೆಯ ಪರಿಚ್ಛೇದದ ಇಪ್ಪತ್ತೆರಡು ಭಾಷೆಗಳಿಗೆ ಮಾತ್ರ ಎಂದೂ ಹೇಳುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದು ನಿವೃತ್ತನಾದ ಮೇಲೆ.

ನಮ್ಮ ಶಾಲೆಗೆ ತಾಂಡಾದಿಂದ ಒಬ್ಬ ಲಂಬಾಣಿ ಹುಡುಗಿ ಬರುತ್ತಿದ್ದಳು. ಅವಳ ವಿಭಕ್ತಿ ಪ್ರತ್ಯಯಗಳು ಸದಾ ತಪ್ಪುತ್ತಿದ್ದವು. ‘ಹಿಂದುಳಿದ ವಿದ್ಯಾರ್ಥಿನಿ’ ಎಂದು ನಾನು ಪಟ್ಟಿಯಲ್ಲಿ ಬರೆದಿಟ್ಟಿದ್ದೆ. ಆದರೆ ಉಕ್ತಲೇಖನದಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ನಮ್ಮ ಭಾಗದ ಕನ್ನಡ ಮನೆಗಳ ಮಕ್ಕಳು ಆಡುಮಾತಿನಲ್ಲಿ ಮಹಾಪ್ರಾಣಗಳನ್ನು ನುಡಿಯುವುದಿಲ್ಲ. ಅವರಿಗೆ ಭಾರತವೂ ‘ಬಾರತ’, ಧನವೂ ‘ದನ’. ಭ, ಘ, ಧ ಎಲ್ಲಿ ಬರೆಯಬೇಕೆಂದು ಕಂಠಪಾಠ ಮಾಡಿಸಿ ಮಾಡಿಸಿ ನಾನು ಸೋತಿದ್ದೆ. ಈ ಹುಡುಗಿ ಮಾತ್ರ ಅಲ್ಲಿ ಒಂದೂ ತಪ್ಪು ಮಾಡುತ್ತಿರಲಿಲ್ಲ. ಲಂಬಾಣಿಯು ರಾಜಸ್ಥಾನದ ನುಡಿಗಳ ಬಳಗದ್ದು; ಮಹಾಪ್ರಾಣ ಅವಳಿಗೆ ತಾಯಿಯ ಮಡಿಲಿನಲ್ಲೇ ಬಂದದ್ದು. ಮನೆಗೆ ‘ಘರ್’ ಎನ್ನುವ ಮಗುವಿಗೆ ಘಕಾರವನ್ನು ಯಾರು ಕಲಿಸಬೇಕು? ಇಡೀ ತರಗತಿಯಲ್ಲಿ ಕನ್ನಡ ವರ್ಣಮಾಲೆಯ ಅಷ್ಟೂ ವ್ಯಂಜನಗಳನ್ನು ಶುದ್ಧವಾಗಿ ಉಚ್ಚರಿಸಬಲ್ಲವಳು ಅವಳೊಬ್ಬಳೇ ಆಗಿದ್ದಳು. ಅವಳನ್ನು ಎದ್ದು ನಿಲ್ಲಿಸಿ ಉಳಿದವರಿಗೆ ಮಾದರಿಯಾಗಿ ಓದಿಸಬಹುದಿತ್ತು. ನಾನು ಅದನ್ನು ‘ಬಾಯಿಪಾಠದ ಬಲ’ ಎಂದು ತಿಳಿದೆ.

ಕೇಳಲು ಕಲಿತವರು ನಮ್ಮಲ್ಲಿ ಇಲ್ಲದೆ ಇರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಬರೆಯುವ ವೇಳೆಗೆ ೞ ಎಂಬ ಧ್ವನಿ ಕನ್ನಡದ ಬಾಯಿಂದ ಜಾರುತ್ತಿತ್ತು. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ; ಎರಡೂ ಒಂದಾಗಿ ಇಂದು ನಮಗೆ ‘ಬಾಳು’ ಮಾತ್ರ ಉಳಿದಿದೆ. ಯಾವ ಯಾವ ಪದಗಳಲ್ಲಿ ೞ ಇದೆಯೆಂದು ಆತ ಪಟ್ಟಿ ಮಾಡಿಟ್ಟ. ಆ ಪಟ್ಟಿಯಿಂದ ಧ್ವನಿ ಉಳಿಯಲಿಲ್ಲ. ಆದರೂ ನಮ್ಮ ‘ಏಳು’, ತೆಲುಗರ ‘ಏಡು’, ತಮಿಳರ ‘ಏೞು’ ಒಂದೇ ತಾಯಿಯ ಮಕ್ಕಳೆಂದು ಹೇಳಬೇಕಾದಾಗ ನಾನು ಹಲಗೆಯ ಮೇಲೆ ಆ ಹಳೆಯ ಅಕ್ಷರವನ್ನೇ ಬರೆಯುತ್ತಿದ್ದೆ. ತೆಲುಗು ಮನೆಯ ಮಕ್ಕಳ ಕಣ್ಣುಗಳು ಆಗ ಅರಳುತ್ತಿದ್ದವು.

ಹೊರಗಿನಿಂದ ಬಂದವರೂ ಕೇಳಿದರು. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ದೊಡ್ಡ ವಿದ್ವಾಂಸ. ಆದರೆ ಭಾಷೆಗಳನ್ನು ‘ಸಂಸ್ಕರಿತ’, ‘ಅಸಂಸ್ಕರಿತ’ ಎಂದು ಎರಡು ಪಂಕ್ತಿಯಲ್ಲಿ ಕೂರಿಸಿದ. ಕನ್ನಡಕ್ಕೆ ಒಳಪಂಕ್ತಿ ದೊರೆಯಿತು. ತೋಡ, ಕೋತ, ಗೋಂಡಿಗಳಿಗೆ ಹೊರಪಂಕ್ತಿ. ಒಳಗೆ ಎಲೆ ಹಾಕಿದ್ದರಿಂದ ನಾವು ಆ ಪಂಕ್ತಿಭೇದವನ್ನು ಪ್ರಶ್ನಿಸಲಿಲ್ಲ. ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆ ಮದ್ರಾಸು, ಮೈಸೂರು, ಹೈದರಾಬಾದುಗಳನ್ನು ತನ್ನ ವ್ಯಾಪ್ತಿಗೆ ತರಲೇ ಇಲ್ಲ. ಹಾಗಾಗಿ ನಿಜಾಮರ ಪ್ರಜೆಗಳಾಗಿದ್ದ ನಮ್ಮ ಅಜ್ಜಂದಿರ ಊರುಗಳಿಗೆ ಯಾವ ಸರ್ವೇಕ್ಷಕನೂ ಬರಲಿಲ್ಲ. ಕೆನಡಾದಲ್ಲಿ ಹುಟ್ಟಿದ ಎಮೆನೋ 1930ರ ದಶಕದಲ್ಲಿ ನೀಲಗಿರಿಗೆ ಬಂದು ತೋಡ, ಕೋತರ ನಡುವೆ ಕುಳಿತರು. ಕನ್ನಡಕ್ಕೆ ಅತಿ ಸಮೀಪದ ಬಡಗ ನುಡಿಯನ್ನೂ ಕೇಳಿದರು. ಬಡಗದ ಸ್ವರಗಳನ್ನು ಕುರಿತ ಅವರ ಲೇಖನ 1939ರದು. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಚಿ ನುಡಿಯುವ ಸ್ವರಗಳು ಆ ಭಾಷೆಯಲ್ಲಿವೆ, ಆ ಮಡಿಚುವಿಕೆಯಲ್ಲೂ ಎರಡು ಪ್ರಮಾಣಗಳಿವೆ ಎಂದು ಅವರು ತೋರಿಸಿದರು. ಟಕಾರ, ಣಕಾರ, ಳಕಾರಗಳಿಗೆ ನಾಲಗೆ ಮಡಿಚುವುದನ್ನು ನಾವು ಬಲ್ಲೆವು. ಅಕಾರ, ಇಕಾರಗಳನ್ನೇ ಹಾಗೆ ನುಡಿಯುವುದೆಂದರೆ! ನಮ್ಮ ಲಿಪಿಗೆ ಅದನ್ನು ಬರೆಯುವ ಶಕ್ತಿಯಿಲ್ಲ. ಮೂಗನ್ನೇ ನೋಡಿಕೊಂಡು ಮುಖ ಹೀಗಿರಬೇಕೆಂದು ಹೇಳುವವರಂತೆ, ‘ಬಡಗ ಎಂದರೆ ಹಳೆಯ ಕನ್ನಡವಷ್ಟೆ’ ಎನ್ನುತ್ತಾ ನಾವು ಸುಮ್ಮನಿದ್ದೆವು. ಆ ಸ್ವರಭೇದ ಇಂದಿನ ಬಡಗರಲ್ಲಿ ಹಲವರ ಮಾತಿನಿಂದ ಮಾಸಿಹೋಗಿದೆ.

ಇಲ್ಲಿ ಡಿ. ಎನ್. ಶಂಕರ ಭಟ್ಟರನ್ನು ನೆನೆಯದಿದ್ದರೆ ಅಪಚಾರವಾದೀತು. ಬೋಡೊ, ತಾಂಗ್‌ಖುಲ್ ನಾಗಾ, ಮಣಿಪುರಿ ಮುಂತಾಗಿ ನಮ್ಮಲ್ಲಿ ಹೆಚ್ಚಿನವರು ಹೆಸರನ್ನೂ ಕೇಳಿರದ ಈಶಾನ್ಯದ ಭಾಷೆಗಳನ್ನು ಅವರು ಅಭ್ಯಸಿಸಿದರು. ಕರಾವಳಿಯ ಕೊರಗರ ಭಾಷೆಯನ್ನು ಕುರಿತ ಅವರ ಪುಸ್ತಕ 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಅಜಲು ಎಂಬ ಅಮಾನುಷ ಪದ್ಧತಿಗೆ ಗುರಿಯಾಗಿದ್ದ ಜನ ಕೊರಗರು. ಅದನ್ನು ನಿಷೇಧಿಸುವ ಕಾಯ್ದೆ ಬರಲು 2000ದವರೆಗೆ ಕಾಯಬೇಕಾಯಿತು. ಅಂಥವರ ಮಾತಿಗೂ ಒಂದು ಪೂರ್ಣವಾದ ವ್ಯಾಕರಣವಿದೆ ಎಂದು ಆ ಪುಸ್ತಕ ಸದ್ದಿಲ್ಲದೆ ತೋರಿಸಿತು. ಇಷ್ಟು ಭಾಷೆಗಳನ್ನು ಕೇಳಿ ಬಂದ ಕಿವಿಗೆ ಕನ್ನಡವೂ ಬೇರೆಯಾಗಿ ಕೇಳಿಸಿತು. ನಮ್ಮ ಶಾಲಾ ವ್ಯಾಕರಣ ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ದದ್ದೆಂದು ಅವರು ವಾದಿಸಿದರು. ಕನ್ನಡ ಬರಹದಿಂದ ಮಹಾಪ್ರಾಣಗಳನ್ನು ಕೈಬಿಡಬೇಕೆಂಬ ಅವರ ಸಲಹೆಯನ್ನು ನಾನು ಒಪ್ಪಲಾರೆ. ಹಳೆಯ ಮೇಷ್ಟರ ಹಟವೆನ್ನಿ. ಆದರೆ ಮಕ್ಕಳ ಬಾಯಲ್ಲಿ ಇಲ್ಲದ್ದನ್ನು ಪುಸ್ತಕದಲ್ಲಿ ಇದೆಯೆಂದು ದಂಡಿಸುವುದು ಎಷ್ಟು ನ್ಯಾಯ ಎಂಬ ಅವರ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ.

ಹಾಗಾದರೆ ನಮ್ಮ ಭಾಷೆ ನಮಗೆ ಚೆನ್ನಾಗಿ ತಿಳಿಯಲೆಂದು ಬೇರೆಯವರ ಭಾಷೆಯನ್ನು ಅಭ್ಯಸಿಸಬೇಕೆ? ಇದು ಲಾಭದ ಲೆಕ್ಕವಾಯಿತು. ನೆರೆಮನೆಯವನ ಮುಖದಲ್ಲಿ ನಮ್ಮ ಮುಖವನ್ನೇ ಹುಡುಕಿದಂತೆ. ಭಾಷೆ ಅಳಿಯದಂತೆ ಉಳಿಸಲೆಂದೇ? ಕೇಶಿರಾಜನ ಪಟ್ಟಿ, ಎಮೆನೋ ಅವರ ಲೇಖನ ಎರಡೂ ಹೇಳುವುದೇನೆಂದರೆ, ಪುಸ್ತಕದಲ್ಲಿ ಉಳಿದದ್ದು ಬಾಯಲ್ಲಿ ಉಳಿಯಬೇಕೆಂದಿಲ್ಲ. ನನಗೆ ಒಪ್ಪಿಗೆಯಾಗುವ ಕಾರಣ ಇನ್ನೂ ಸಣ್ಣದು, ತರಗತಿಯ ಅಳತೆಯದು. ಎದುರಿಗೆ ಕುಳಿತ ಮಗುವಿನ ಮಾತಿನ ಕ್ರಮವನ್ನು ತಿಳಿಯದೆ ಅದರ ಮಾತಿಗೆ ‘ತಪ್ಪು’ ಎಂದು ಗುರುತು ಹಾಕುವವನು, ವಾದವನ್ನೇ ಕೇಳದೆ ತೀರ್ಪು ಕೊಟ್ಟ ನ್ಯಾಯಾಧೀಶನಂತೆ. ಅಧ್ಯಾಪಕನಿಗೆ ಅನ್ವಯಿಸುವುದು ಅಧಿಕಾರಿಗೂ, ಅಂಗಡಿಯವನಿಗೂ, ಬಹುಸಂಖ್ಯಾತ ಭಾಷಿಕನಿಗೂ ಅನ್ವಯಿಸುತ್ತದೆ ಎಂದು ಭಾವಿಸುತ್ತೇನೆ. ಯಾರ ಕೈಯಲ್ಲಿ ಕೆಂಪು ಶಾಯಿ ಇದೆಯೋ ಅವರಿಗೆ.

ಎಣಿಸುವವರ ಕೈಯಲ್ಲೂ ಒಂದು ಬಗೆಯ ಕೆಂಪು ಶಾಯಿ ಇರುತ್ತದೆ. 2011ರ ಜನಗಣತಿಯಲ್ಲಿ ಜನರು ಹೇಳಿದ ಮಾತೃಭಾಷೆಯ ಹೆಸರುಗಳು 19,569. ಅವುಗಳನ್ನು ಶೋಧಿಸಿ, ಗುಂಪುಗೂಡಿಸಿ, ಹತ್ತು ಸಾವಿರಕ್ಕಿಂತ ಹೆಚ್ಚು ಜನ ಆಡುವ 121 ಭಾಷೆಗಳನ್ನು ಪಟ್ಟಿ ಮಾಡಿದರು. ಆ ಗುಂಪುಗೂಡಿಸುವಿಕೆಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನರ ಲಂಬಾಣಿ ಹಿಂದಿಯ ಲೆಕ್ಕಕ್ಕೆ ಹೋಯಿತು. ನಮ್ಮ ಊರುಗಳ ಯರುಕಲರ ಮಾತು ತಮಿಳಿನ ಲೆಕ್ಕಕ್ಕೆ ಹೋಯಿತು. ಈ ಸಂಗತಿಯನ್ನು ಒಮ್ಮೆ ನಮ್ಮ ಸಂಘದ ಸಭೆಯಲ್ಲಿ ಹೇಳಿದಾಗ ಎಲ್ಲರೂ ‘ಅನ್ಯಾಯ, ಹಿಂದಿಯ ಹೇರಿಕೆ’ ಎಂದರು. ನಾನೂ ತಲೆಯಾಡಿಸಿದೆ. ಮನೆಗೆ ಬಂದು ಕನ್ನಡದ ಸಾಲನ್ನು ನೋಡಿದೆ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ 4 ಕೋಟಿ 37 ಲಕ್ಷದೊಳಗೆ ಬಡಗರು 1 ಲಕ್ಷ 33 ಸಾವಿರ ಮಂದಿ ಇದ್ದಾರೆ. ಮುಂದಿನ ಸಭೆಯಲ್ಲಿ ಇದನ್ನೂ ಹೇಳಿದೆ. ಯಾರೂ ‘ಅನ್ಯಾಯ’ ಎನ್ನಲಿಲ್ಲ. ಚಹಾ ಬಂತು, ವಿಷಯ ಬದಲಾಯಿತು.

ನಮ್ಮ ಊರಿನ ಸಂತೆಯಲ್ಲಿ ನಿಂತರೆ ಕೇಳಿಬರುವ ಒಂದು ವ್ಯಾಕರಣ ವಿಶೇಷವನ್ನು ಇಲ್ಲಿ ಹೇಳಬೇಕು. ತೆಲುಗಿನಲ್ಲಿ ‘ನಾವು’ ಎನ್ನಲು ಎರಡು ಪದಗಳು. ಕೇಳುತ್ತಿರುವ ನಿಮ್ಮನ್ನೂ ಸೇರಿಸಿಕೊಂಡರೆ ‘ಮನಮು’, ನಿಮ್ಮನ್ನು ಬಿಟ್ಟರೆ ‘ಮೇಮು’. ನೇಕಾರರಲ್ಲಿ ಮರಾಠಿ ಮನೆಮಾತಿನವರು ಇದನ್ನೇ ‘ಆಪಣ್’, ‘ಆಮ್ಹಿ’ ಎನ್ನುತ್ತಾರೆ. ಲಂಬಾಣಿಯಲ್ಲಿ ‘ಆಪಣ್’, ‘ಹಮ್’. ಕರಾವಳಿಯ ತುಳುವರಲ್ಲಿ ‘ನಮ’, ‘ಎಂಕುಳು’. ಹಳಗನ್ನಡದಲ್ಲೂ ‘ನಮ್ಮ’, ‘ಎಮ್ಮ’ ಎಂಬ ಎರಡು ರೂಪಗಳಿದ್ದವು. ಇಂದಿನ ಕನ್ನಡದಲ್ಲಿ ‘ನಾವು’ ಒಂದೇ. ತೆಲುಗು ಮನೆಯ ಮಕ್ಕಳು ಕನ್ನಡ ಕಲಿಯುವಾಗ, ‘ಸರ, ನಾವು ಅಂದ್ರ ನಮ್ಮನ್ನೂ ಸೇರಿಸೇನ್ರೀ?’ ಎಂದು ಕೇಳಿದ್ದುಂಟು. ‘ಸಂದರ್ಭ ನೋಡಿ ತಿಳಿಯಬೇಕು’ ಎನ್ನುವುದು ನನ್ನ ಸಿದ್ಧ ಉತ್ತರವಾಗಿತ್ತು. ವ್ಯಾಕರಣದ ಉತ್ತರವಾಗಿ ಅದು ಸರಿ. ಸಂಘದ ಮನವಿಗಳಲ್ಲಿ ‘ನಾವು ಅಲ್ಪಸಂಖ್ಯಾತರು’ ಎಂದು ಬರೆಯುವಾಗ ತಾಂಡಾದ ಹುಡುಗಿ ಅದರೊಳಗೆ ಇದ್ದಳೇ ಎಂದು ಸಂದರ್ಭ ನೋಡಿ ತಿಳಿಯಲು ಹೋದರೆ, ಇರಲಿಲ್ಲವೆಂದೇ ಹೇಳಬೇಕು.

ನಿವೃತ್ತಿಯ ಬಳಿಕ ಒಂದು ದಪ್ಪ ನೋಟುಪುಸ್ತಕ ಕೊಂಡೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಂಡಾಕ್ಕೆ ಹೋಗಿ ಅವನ ತಾಯಿಯಿಂದ ಲಂಬಾಣಿ ಪದಗಳನ್ನು ಬರೆದುಕೊಳ್ಳತೊಡಗಿದೆ. ರೊನಾಲ್ಡ್ ಟ್ರೇಲ್ ಎಂಬವರು 1970ರಲ್ಲೇ ಈ ಭಾಷೆಗೆ ವ್ಯಾಕರಣ ಬರೆದಿದ್ದಾರೆ. ನನ್ನದು ಅಂಥ ಪಾಂಡಿತ್ಯದ ಕೆಲಸವಲ್ಲ. ತಾಯಿಗೆ ‘ಯಾಡಿ’, ರೊಟ್ಟಿಗೆ ‘ಬಾಟಿ’, ತಮ್ಮವರಿಗೆ ‘ಗೋರ್’, ನಮ್ಮಂಥ ಹೊರಗಿನವರಿಗೆ ‘ಕೋರ್’. ಆ ತಾಯಿಗೆ ಮೊದಮೊದಲು ನಗು, ಆಮೇಲೆ ಉತ್ಸಾಹ. ನನ್ನ ಉಚ್ಚಾರಣೆಯನ್ನು ಮೂರು ಮೂರು ಸಲ ತಿದ್ದಿಸುವಳು. ಮಗನಿಗೆ ಮಾತ್ರ ಇದು ಹಿಡಿಸಲಿಲ್ಲ. ‘ಸರ, ಇದನ್ನ ಬರಕೊಂಡು ಏನ್ ಮಾಡ್ತೀರಿ? ನನ್ನ ಮಕ್ಕಳಿಗೆ ಇಂಗ್ಲಿಷ್ ಬಂದ್ರ ಸಾಕಾಗೇದ. ನಮ್ಮ ಮಾತು ಹೊಟ್ಟಿಗೆ ಹಾಕ್ತದೇನು?’ ಎಂದ. ನಾನು ಏನು ಹೇಳಲಿ? ನಮ್ಮ ಕನ್ನಡ ಶಾಲೆಗಳನ್ನು ಬಿಡಿಸಿ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಹಾಕುವ ಕನ್ನಡದ ತಂದೆತಾಯಂದಿರು ಹೇಳುವುದೂ ಇದನ್ನೇ. ಅವರನ್ನು ಬೈಯಲು ನನಗೆ ಬಾಯಿಲ್ಲ, ನನ್ನ ಮೊಮ್ಮಕ್ಕಳೂ ಹೈದರಾಬಾದಿನ ಇಂಗ್ಲಿಷ್ ಶಾಲೆಯಲ್ಲೇ ಓದುತ್ತಿದ್ದಾರೆ. ‘ನಿನ್ನ ಮಕ್ಕಳಿಗಲ್ಲಪ್ಪಾ, ನನಗೆ ಬೇಕು. ನಾನು ಮೇಷ್ಟರಾಗಿದ್ದಾಗ ತಿಳಿಯಬೇಕಾಗಿತ್ತು, ಈಗ ತಿಳಿಯುತ್ತಿದ್ದೇನೆ’ ಎಂದಷ್ಟೇ ಹೇಳಿದೆ. ಅವನು ಒಪ್ಪಿದನೋ ಇಲ್ಲವೋ, ತಾಯಿಗೆ ಮಾತ್ರ ಮಂಚ ತಂದು ಬೇವಿನ ನೆರಳಿಗೆ ಹಾಕಿಕೊಟ್ಟ.

ಅದೇ ನೋಟುಪುಸ್ತಕದ ದ್ವಿತೀಯಾರ್ಧವನ್ನು ಯರುಕಲರ ಮಾತಿಗೆಂದು ಇಟ್ಟಿದ್ದೆ. ಕರ್ನಾಟಕದಲ್ಲಿ ಕೊರವ, ಕೊರಚ, ಕೊರಮ ಎಂದು ಕರೆಯಿಸಿಕೊಳ್ಳುವ ಜನರ ಬಂಧುಗಳಿವರು. ಗ್ರಿಯರ್ಸನ್ನರ ಸರ್ವೇಕ್ಷಣೆಯ 1906ರ ನಾಲ್ಕನೆಯ ಸಂಪುಟವು ಮುಂಬಯಿ ಕಡೆಯ ಕೊರವರ ಮಾತನ್ನು ತಮಿಳಿನ ಉಪಭಾಷೆಯೆಂದು ಬರೆದುಕೊಂಡಿತು. ನಾವಾದರೋ ಕೊರವಂಜಿಯನ್ನು ಕಾವ್ಯದಲ್ಲಿ, ಯಕ್ಷಗಾನದಲ್ಲಿ ತಂದು ಕುಣಿಸಿದೆವು, ಸೊಗಸಾದ ಕನ್ನಡದಲ್ಲಿ ಕಣಿ ಹೇಳಿಸಿದೆವು, 1942ರಲ್ಲಿ ರಾಶಿಯವರು ಆರಂಭಿಸಿದ ಹಾಸ್ಯಪತ್ರಿಕೆಗೂ ಅವಳ ಹೆಸರೇ ಬಂತು. ರಾತ್ರಿ ಗುಡಿಸಲಿನಲ್ಲಿ ತನ್ನ ಮಗುವಿನೊಡನೆ ಅವಳು ಯಾವ ಮಾತನ್ನಾಡುತ್ತಾಳೆಂದು ಮಾತ್ರ ಕೇಳಲಿಲ್ಲ.

ಕೇಳೋಣವೆಂದು ನಾನು ಹೊರಟೆ. ಸಂತೆಗೆ ಬುಟ್ಟಿ ತರುವ ಒಬ್ಬ ಮುದುಕರು ನನಗೆ ಬಹಳ ವರ್ಷಗಳಿಂದ ಪರಿಚಿತರು. ಕನ್ನಡ, ತೆಲುಗು, ಉರ್ದು ಮೂರನ್ನೂ ನೀರು ಕುಡಿದಂತೆ ಆಡುವವರು. ನೋಟುಪುಸ್ತಕ ಬಿಚ್ಚಿ, ದಿನಾಂಕ ಬರೆದು, ‘ನಿಮ್ಮ ಮಾತಿನಲ್ಲಿ ನೀರಿಗೆ ಏನೆನ್ನುತ್ತೀರಿ?’ ಎಂದೆ. ಅವರು ಪುಸ್ತಕವನ್ನು ನೋಡಿದರು, ನನ್ನನ್ನು ನೋಡಿದರು. ‘ಬ್ಯಾಡ್ರಿ ಸರ’ ಎಂದರು. ಯಾಕೆಂದು ಕೇಳಿದೆ. ‘ನಮ್ಮಜ್ಜ ದಿನಾ ರಾತ್ರಿ ಠಾಣಾಕ್ಕ ಹೋಗಿ ಹಾಜರಿ ಹಾಕಬೇಕಿತ್ತು. ಅವಾಗೂ ಹಿಂಗ ಬುಕ್ಕಿನಾಗ ಬರಕೊಳ್ತಿದ್ರು. ನೀವು ಬರಕೊಂಡು ಹೋದ್ರ ಮತ್ತೊಬ್ಬರು ಓದ್ತಾರ. ಅವರು ಯಾರು ಅಂತ ನಮಗೇನು ಗೊತ್ತು?’

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹುಟ್ಟಿನಿಂದಲೇ ಮನುಷ್ಯನನ್ನು ಕಳ್ಳನೆಂದು ದಾಖಲೆ ಮಾಡಿತು. ಮುಂದೆ ಅದನ್ನು ದಕ್ಷಿಣಕ್ಕೂ ವಿಸ್ತರಿಸಿದಾಗ ಈ ಜನ ಅದರ ಬಲೆಗೆ ಬಿದ್ದರು. ಕಾಯ್ದೆ ರದ್ದಾದದ್ದು 1952ರಲ್ಲಿ. ಇದೆಲ್ಲ ನನಗೆ ಪುಸ್ತಕದಿಂದ ತಿಳಿದಿತ್ತು. ಆದರೆ ಕಿವಿಗೊಡುವುದೇ ಧರ್ಮವೆಂದು ಬಗೆದು ಹೊರಟವನಿಗೆ, ಎದುರಿನವರು ‘ಕೇಳಬೇಡ’ ಎಂದರೆ ಏನು ಮಾಡಬೇಕೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಅವರಿಗೆ ಆ ಮಾತು ಕಾವಲುಗಾರರ ನಡುವೆ ಉಳಿದಿದ್ದ ಒಂದೇ ಒಂದು ಗೋಡೆಯಾಗಿತ್ತು. ಅದರ ವ್ಯಾಕರಣವನ್ನು ನಾನು ಬಿಡಿಸಿ ಬರೆದರೆ ವಿದ್ವತ್ತಿಗೆ ಲಾಭವಾದೀತು. ಆ ಲಾಭವನ್ನು ಅವರ ಅನುಮತಿಯಿಲ್ಲದೆ ಪಡೆಯುವ ಹಕ್ಕು ನನಗಿಲ್ಲ. ವಿದ್ವಾಂಸನಿಗೂ ಇಲ್ಲ ಎಂದೇ ನನ್ನ ಅಭಿಪ್ರಾಯ. ನಾಳೆ ಅವರ ಮೊಮ್ಮಗಳೇ ಕಲಿತು, ತಮ್ಮ ಮಾತನ್ನು ತಾನೇ ಬರೆಯಹೊರಟರೆ ಅದರ ಮಾತೇ ಬೇರೆ. ಇದನ್ನು ಒಪ್ಪದ ಮಿತ್ರರಿದ್ದಾರೆ. ‘ಆ ಮುದುಕರೊಂದಿಗೆ ಒಂದು ಭಾಷೆಯ ರೂಪವೇ ಹೋದರೆ?’ ಎಂದು ಕೇಳುತ್ತಾರೆ. ಹೋದೀತು. ಆ ನಷ್ಟವನ್ನು ನಾನು ಕಡೆಗಣಿಸುತ್ತಿಲ್ಲ.

ಲಂಬಾಣಿಯ ಹಾಳೆಗಳು ಮುಕ್ಕಾಲು ಪಾಲು ತುಂಬಿವೆ. ಆ ತಾಯಿಗೆ ಈಚೆಗೆ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿದೆ. ನಾನು ಓದಿ ಹೇಳಿದರೆ ತಪ್ಪಿದಲ್ಲಿ ಕೈಯೆತ್ತಿ ನಿಲ್ಲಿಸುತ್ತಾಳೆ. ದ್ವಿತೀಯಾರ್ಧದ ಮೊದಲ ಹಾಳೆಯಲ್ಲಿ ಒಂದು ದಿನಾಂಕವಿದೆ, ಅದರ ಕೆಳಗೆ ಏನೂ ಇಲ್ಲ. ಕಳೆದ ತಿಂಗಳು ಸಂತೆಯಲ್ಲಿ ಆ ಮುದುಕರು ಸಿಕ್ಕರು. ಎರಡು ಬುಟ್ಟಿ ಕೊಂಡೆ, ಚೌಕಾಸಿ ಮಾಡಲಿಲ್ಲ. ಹಣ ಎಣಿಸಿಕೊಂಡು ಅವರು ಪಕ್ಕದಲ್ಲಿದ್ದ ಮೊಮ್ಮಗನಿಗೆ ತಮ್ಮ ಮಾತಿನಲ್ಲಿ ಏನೋ ಹೇಳಿದರು. ಹುಡುಗ ನನ್ನ ಕಡೆ ನೋಡಿ ನಕ್ಕ. ಏನೆಂದು ನಾನು ಕೇಳಲಿಲ್ಲ.